ಊಟದ ಕೋಣೆಯ ಹಿಂದಿನ ಗೋಡೆ

ಜನವರಿ ತಿಂಗಳ ಒಂದು ಬೆಳಿಗ್ಗೆ ಧಾರವಾಡದ ಆ ಬಂಗಲೆಯ ಹಿಂದಿನ ವರಾಂಡದಲ್ಲಿ ನಿಂತು ಗೋಡೆಗೆ ಅಂಗೈ ಒತ್ತಿದೆ. ಮಳೆ ನಿಂತು ಮೂರು ತಿಂಗಳಾಗಿತ್ತು, ಗೋಡೆ ಮಾತ್ರ ಹಸಿ ಬಟ್ಟೆಯಂತೆ ತಣ್ಣಗಿತ್ತು. ಕೈ ತೆಗೆದಾಗ ಬಣ್ಣದ ಹೊಪ್ಪಳೆಯೊಂದು ಅಂಗೈಗೇ ಅಂಟಿಕೊಂಡು ಬಂತು. ಅದರ ಹಿಂದೆ ಬಿಳಿ ಉಪ್ಪಿನ ಪುಡಿ ಹೂವಿನಂತೆ ಅರಳಿತ್ತು.

“ಹೋದ ವರ್ಷನ ಬಣ್ಣ ಹಚ್ಚಿಸೇವಿ ಮೇಡಮ್,” ಎಂದರು ಪಕ್ಕದಲ್ಲಿದ್ದ ಕಾರ್ಯದರ್ಶಿಗಳು. “ಅದರ ಹಿಂದಿನ ವರ್ಷನೂ ಹಚ್ಚಿಸೇವಿ.”

“ಅದಕ್ಕ ಹಿಂಗ ಆಗೇದರಿ ಸರ್,” ಎಂದೆ.

ಅವರಿಗೆ ನನ್ನ ಮಾತು ಹಿಡಿಸಲಿಲ್ಲ. ಆ ಮನೆಯ ಬಗ್ಗೆ ಯಾರು ಕೆಟ್ಟ ಮಾತಾಡಿದರೂ ಅವರಿಗೆ ಹಿಡಿಸುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಲೆ ವಸ್ತುಸಂಗ್ರಹಾಲಯವಾಗಿದ್ದ ಈ ಮನೆಯ ಟ್ರಸ್ಟಿನ ಹೊಣೆ ಹೊತ್ತವರು ಅವರು. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಒಂದೊಂದೇ ಕಿಟಕಿ ತೆರೆಯುತ್ತಿದ್ದರು, ಸಂಜೆ ಒಂದೊಂದೇ ಮುಚ್ಚುತ್ತಿದ್ದರು. ಆ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ದುರಸ್ತಿ ಮುಗಿಸಿ ಮನೆಯನ್ನು ಮತ್ತೆ ಜನರಿಗೆ ತೆರೆಯಬೇಕು ಎಂಬುದು ಅವರ ಆಸೆ. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬಾದ್ದರಿಂದ ನನ್ನನ್ನು ಕರೆಸಿದ್ದರು. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯಿಂದ ದಿನಾ ಬಸ್ಸು ಹಿಡಿದು ಹೋಗುವುದೆಂದು ಠರಾಯಿಸಿದೆ.

ಮನೆ ಇಷ್ಟವಾಗದಿರಲು ಕಾರಣವೇ ಇರಲಿಲ್ಲ. ನೀರಾವರಿ ಇಲಾಖೆಯ ಒಬ್ಬ ಇಂಗ್ಲಿಷ್ ಎಂಜಿನಿಯರ್ ತನಗಾಗಿ ಕಟ್ಟಿಸಿಕೊಂಡ ಬಂಗಲೆ ಅದು. ಆಳೆತ್ತರದ ಕಲ್ಲಿನ ತಳಪಾಯ, ಅದರ ಮೇಲೆ ಎರಡು ಅಡಿ ದಪ್ಪದ ಇಟ್ಟಿಗೆ ಗೋಡೆ, ಸಾಗವಾನಿ ತೊಲೆ, ಮಂಗಳೂರು ಹಂಚು. ಮೂರು ಕಡೆ ವರಾಂಡ. ಮಾಡಿನ ಹತ್ತಿರ ಸಾಲಾಗಿ ಗಾಳಿಕಿಂಡಿಗಳು, ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಲೆಂದು. ಧಾರವಾಡದ ಬಿಸಿಲಿನ ಲೆಕ್ಕ ಇಷ್ಟು ಚೆನ್ನಾಗಿ ಮಾಡಿದ ಮನುಷ್ಯ ಊಟದ ಕೋಣೆಯಲ್ಲಿ ಮಾತ್ರ ಒಂದು ದೊಡ್ಡ ಬೆಂಕಿಗೂಡು ಕಟ್ಟಿಸಿದ್ದ. ತನ್ನ ಊರಿನ ನೆನಪಿಗೋ ಏನೋ. ಅದರೊಳಗೆ ಒಂದು ದಿನವೂ ಬೆಂಕಿ ಉರಿದಂತೆ ಕಾಣಲಿಲ್ಲ, ಹೊಗೆಕೊಳವೆಯಲ್ಲಿ ಮಸಿಯೇ ಇರಲಿಲ್ಲ.

ಆತ ಹೋದ ಮೇಲೆ ಮನೆ ಊರಿನ ಒಬ್ಬ ವಕೀಲರ ಪಾಲಿಗೆ ಬಂತು. ವಕೀಲರ ಹೆಂಡತಿ ಆ ಬೆಂಕಿಗೂಡಿನಲ್ಲಿ ಉಪ್ಪಿನಕಾಯಿಯ ಭರಣಿಗಳನ್ನಿಟ್ಟರು. ಸಾಹೇಬನ ಸ್ನಾನದ ಕೋಣೆಯಲ್ಲಿ ಬೀಸುವ ಕಲ್ಲು ಹೂಡಿಸಿದರು. ಅವನು ಕುದುರೆ ಕಟ್ಟುತ್ತಿದ್ದ ಕಡೆ ತುಳಸಿ ಕಟ್ಟೆ ಎದ್ದಿತು. ವಕೀಲರ ಮಕ್ಕಳು ಮನೆಯನ್ನು ಟ್ರಸ್ಟಿಗೆ ಕೊಟ್ಟಾಗ ಎಲ್ಲವೂ ಇದ್ದಲ್ಲೇ ಇತ್ತು. ಒಂದೇ ಮನೆಯಲ್ಲಿ ಎರಡು ಮನೆ ಬದುಕಿದ್ದು ಅಲ್ಲಿ ಎದ್ದು ಕಾಣುತ್ತದೆ. ಸಾಹೇಬನ ನೆಲ ಅಳೆಯುವ ದುರ್ಬೀನು ಒಂದು ಮೇಜಿನ ಮೇಲಿದ್ದರೆ ಪಕ್ಕದಲ್ಲೇ ಶಾವಿಗೆ ಒತ್ತುವ ಮಣೆ. ನನಗೆ ಆ ಭರಣಿಗಳ ಮೇಲೆ ಮೊದಲ ದಿನವೇ ಪ್ರೀತಿ ಹುಟ್ಟಿತು.

ಕೆಟ್ಟಿದ್ದು ಊಟದ ಕೋಣೆಗೂ ಹಿಂದಿನ ವರಾಂಡಕ್ಕೂ ನಡುವಿನ ಗೋಡೆ. ಎಂದೋ ಯಾರೋ ಹಳೆಯ ಗಾರೆಯ ಮೇಲೆಯೇ ಸಿಮೆಂಟು ಬಳಿದಿದ್ದರು. ಸುಣ್ಣದ ಗಾರೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಿಡುವುದಿಲ್ಲ. ತೇವ ಒಳಗೇ ಕೂತು ಇಟ್ಟಿಗೆಯ ಉಪ್ಪನ್ನು ಕರಗಿಸುತ್ತದೆ, ಇಟ್ಟಿಗೆ ಒಳಗಿಂದೊಳಗೇ ಹಿಟ್ಟಾಗುತ್ತ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಮೊದಲು ತಪ್ಪನ್ನೇ ಮಾಡಿದೆ. ಯುಗಾದಿಯ ಗಡುವು ತಲೆಯಲ್ಲಿತ್ತು. ಕೆಟ್ಟ ಜಾಗದಲ್ಲಿ ಮಾತ್ರ ಸಿಮೆಂಟು ಕಿತ್ತು ಅಲ್ಲಷ್ಟೇ ಸುಣ್ಣದ ಗಾರೆ ತೇಪೆ ಹಾಕಿಸಿದೆ. ಹತ್ತು ದಿನಕ್ಕೆ ತೇಪೆಗಳ ಸುತ್ತ ಕೂದಲೆಳೆಯ ಬಿರುಕು ಬಂತು. ಇಪ್ಪತ್ತು ದಿನಕ್ಕೆ ಒಂದು ತೇಪೆ ತಾನಾಗಿಯೇ ಕಳಚಿ ಬಿತ್ತು. ಎತ್ತಿ ಮುರಿದು ನೋಡಿದೆ. ಬೂದು ಬಣ್ಣ. ಲಗೂ ಒಣಗಲೆಂದು ಗುತ್ತಿಗೆದಾರನ ಆಳುಗಳು ಸುಣ್ಣಕ್ಕೆ ಸಿಮೆಂಟು ಬೆರೆಸಿದ್ದರು. ನಿಂತು ನೋಡಿಕೊಳ್ಳಬೇಕಾದವಳು ನಾನು, ಆ ದಿನ ಹುಬ್ಬಳ್ಳಿಯಲ್ಲಿದ್ದೆ.

ಆಗ ಯಾರೋ ಶಿರಗುಪ್ಪಿಯ ಗೌಂಡಿಯೊಬ್ಬರ ಸುದ್ದಿ ಹೇಳಿದರು. ಅರವತ್ತು ದಾಟಿದ ಮನುಷ್ಯ, ತಂದೆಯ ಕೈಕೆಳಗೆ ಸುಣ್ಣದ ಗಚ್ಚಿನ ಕೆಲಸ ಕಲಿತವರು, ಈಗ ಹೊಲ ನೋಡಿಕೊಂಡಿದ್ದಾರೆ ಎಂದರು. ಹುಡುಕಿಕೊಂಡು ಹೋದೆ. ಕಡಲೆ ರಾಶಿಯ ದಿನಗಳು. ಬೇಕಾದರೆ ಬರುತ್ತೇನೆ, ಆದರೆ ರಾಶಿ ಮುಗಿಯಲಿ ಎಂದರು. ಕಾದೆ. ಬಂದವರು ಗೋಡೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ಬಡಿಯುತ್ತ ನಡೆದರು. ಕೊನೆಗೆ ನನ್ನ ಕಡೆ ತಿರುಗಿದರು.

“ಬಾಯಾರ, ಇದಕ್ಕ ತ್ಯಾಪಿ ಹಚ್ಚಿದ್ರ ಆಗಂಗಿಲ್ರಿ. ಪೂರಾ ಬಿಚ್ಚಬೇಕು.”

“ಎಷ್ಟ ದಿನ ಬೇಕ ಕಾಕಾ?”

“ಸುಣ್ಣ ಅರಳಾಕ ಮೂರು ವಾರ ಬೇಕ್ರಿ. ಅದು ನನ್ನ ಕೈಯಾಗ ಇಲ್ಲ, ನಿಮ್ಮ ಕೈಯಾಗೂ ಇಲ್ಲ.”

ಕಾರ್ಯದರ್ಶಿಗಳಿಗೆ ಈ ಮಾತು ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಅವರು ಆಗಲೇ ಯುಗಾದಿಯ ಆಮಂತ್ರಣ ಬರೆದಿಟ್ಟಿದ್ದರು. ಪೂರಾ ಗೋಡೆ ಬಿಚ್ಚಬೇಕು, ಯುಗಾದಿಗೆ ಆಗುವುದಿಲ್ಲ, ಮೊದಲ ಸಲ ನಾನೇ ತಪ್ಪಿದೆ ಎಂದು ನೇರವಾಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು.

“ಗ್ವಾಡಿ ಉಳೀತದೇನು, ಅಷ್ಟು ಹೇಳ್ರಿ.”

“ಉಳೀತದರಿ.”

“ಹಂಗಾದ್ರ ಬಿಚ್ಚರಿ. ಬಸವ ಜಯಂತಿಗೆ ನೋಡೋಣಂತ.” ಆಮಂತ್ರಣದ ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದು ಹೋದರು.

ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣದ ಹರಳು ಹಾಕಿ ನೀರು ಬಿಟ್ಟೆವು. ಸುಣ್ಣ ಬುಸುಗುಟ್ಟಿ ಕುದಿಯಿತು. ಆಮೇಲೆ ತಣ್ಣಗಾಗಿ ಬೆಣ್ಣೆಯಂತೆ ಕೂತಿತು. ಕಾಕಾ ದಿನಾ ಬೆಳಿಗ್ಗೆ ಒಂದು ಕೋಲು ಇಳಿಸಿ ತಿರುವಿ ನೋಡುತ್ತಿದ್ದರು. ಒಂದು ಹಂಡೆಯಲ್ಲಿ ಅಣಲೆಕಾಯಿ ನೆನೆಹಾಕಿದರು, ಇನ್ನೊಂದರಲ್ಲಿ ಬೆಲ್ಲದ ನೀರು. ಕಲಸುವಾಗ ಎರಡನ್ನೂ ಅಳತೆಯಲ್ಲಿ ಬೆರೆಸಿದರೆ ಗಾರೆ ಬಿಗಿಯಾಗುತ್ತದೆ, ಬಿರುಕು ಬಿಡುವುದಿಲ್ಲ. ಉಸುಕನ್ನು ಮೂರು ಸಲ ತೊಳೆಸಿದರು. ನೀರಿನ ಬಣ್ಣ ನೋಡಿ “ಇನ್ನ ಮಣ್ಣು ಐತಿ” ಎಂದು ನಾಲ್ಕನೇ ಸಲ ತೊಳೆಸಿದರು.

ಸುಣ್ಣ ಅರಳುವ ಆ ಮೂರು ವಾರ ನಾವು ಸಿಮೆಂಟು ಬಿಚ್ಚಿದೆವು. ಸಣ್ಣ ಉಳಿ, ಸಣ್ಣ ಸುತ್ತಿಗೆ. ಜೋರಾಗಿ ಹೊಡೆದರೆ ಹಿಂದಿನ ಇಟ್ಟಿಗೆಯೂ ಬರುತ್ತದೆ. ದಿನಕ್ಕೆ ಒಂದು ಬಾಗಿಲಿನಷ್ಟು ಜಾಗ ಮುಗಿದರೆ ಹೆಚ್ಚು. ಎರಡನೇ ವಾರ ಗೋಡೆಯ ಮೇಲ್ಭಾಗದಲ್ಲಿ, ಕೈ ಎತ್ತಿದರೂ ಸಿಗದಷ್ಟು ಎತ್ತರದಲ್ಲಿ, ಇಟ್ಟಿಗೆ ಚೂರು ತುಂಬಿ ಮುಚ್ಚಿದ ಒಂದು ಕಿಂಡಿ ಕಾಣಿಸಿತು. ಗೇಣುದ್ದ, ಗೇಣಗಲ. ನೀರಿನ ಪೈಪು ಹಾಯಿಸಿದ ತೂತು ಇರಬೇಕೆಂದು ನಕ್ಷೆಯಲ್ಲಿ ಹಾಗೆಯೇ ಬರೆದುಕೊಂಡೆ.

ಕಾಕಾ ಅಟ್ಟಣಿಗೆ ಏರಿ ಒಂದೊಂದೇ ಚೂರು ಕಿತ್ತರು. ಒಳಗೆ ಕೈ ಹಾಕಿ ತಡವಿದರು.

“ಬಾಯಾರ, ಪೈಪಿನ ಕಿಂಡಿಗೆ ಸಾಗವಾನಿ ಚೌಕಟ್ಟು ಯಾರ ಹಾಕಸ್ತಾರ್ರಿ?”

ನಾನೂ ಏರಿದೆ. ಕಿಂಡಿಯ ನಾಲ್ಕೂ ಬದಿಗೆ ಮರದ ಹಲಗೆ. ಕೆಳಗಿನ ಹಲಗೆಯ ನಡುವೆ ಹೆಬ್ಬೆರಳು ಕೂರುವಷ್ಟು ಆಳದ ಒಂದು ಗೀರು, ಬಾವಿಯ ಕಲ್ಲಿನ ಮೇಲೆ ಹಗ್ಗ ತಿಕ್ಕಿ ತಿಕ್ಕಿ ಮಾಡುವಂಥ ಗೀರು. ಕಿಂಡಿಗೆ ಕಣ್ಣಿಟ್ಟು ನೋಡಿದರೆ ಎದುರಿಗೆ ಊಟದ ಕೋಣೆಯ ತೊಲೆ, ತೊಲೆಯಲ್ಲಿ ಸಾಲಾಗಿ ಮೂರು ಕಬ್ಬಿಣದ ಕೊಕ್ಕೆ. ನಡುವಿನದಕ್ಕೆ ವಕೀಲರ ಕಾಲದ ಕರೆಂಟ್ ಫ್ಯಾನು ತೂಗುಬಿದ್ದಿತ್ತು. ಆ ಕೊಕ್ಕೆಗಳು ದೀಪ ತೂಗುಹಾಕಲು ಎಂದೇ ಕಾರ್ಯದರ್ಶಿಗಳು ಇಷ್ಟು ವರ್ಷ ಬಂದವರಿಗೆಲ್ಲ ಹೇಳುತ್ತಿದ್ದರು. ದೀಪಕ್ಕಲ್ಲ, ಪಂಖಾಕ್ಕೆ. ಬಟ್ಟೆಯ ಝಾಲರಿ ಕಟ್ಟಿದ ಉದ್ದನೆಯ ಮರದ ಪಟ್ಟಿಯನ್ನು ಮೇಜಿನ ಮೇಲೆ ತೂಗುಹಾಕಿ, ಹಗ್ಗವನ್ನು ಗೋಡೆಯ ಕಿಂಡಿಯಿಂದ ಹೊರಗೆ ಬಿಟ್ಟು, ಆಚೆ ಕುಳಿತವನೊಬ್ಬ ಎಳೆಯಬೇಕು. ಒಳಗೆ ಉಣ್ಣುವವರಿಗೆ ಅವನು ಕಾಣುವುದಿಲ್ಲ, ಅವನಿಗೆ ಅವರು ಕಾಣುವುದಿಲ್ಲ.

ಕಾರ್ಯದರ್ಶಿಗಳಿಗೆ ತಡೆಯಲಾರದಷ್ಟು ಖುಷಿಯಾಯಿತು. ನಿಚ್ಚಣಿಕೆ ಏರಬೇಡಿ ಎಂದರೂ ಕೇಳದೆ ಏರಿ ಕಿಂಡಿಯಿಂದ ಇಣುಕಿ ನೋಡಿದರು. ಗೋಡೆಯ ಉಳಿದ ಕೆಲಸ ಲಗುಬಗೆಯಿಂದ ನಡೆಯಿತು.

ಅದಾದ ನಾಲ್ಕನೆಯ ದಿನ, ಕಿಂಡಿಯ ನೇರಕ್ಕೆ ಕೆಳಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಸಿಮೆಂಟು ಒಂದೇ ಏಟಿಗೆ ರೊಟ್ಟಿಯಂತೆ ಕಳಚಿಕೊಂಡು ಬಂತು. ಉಳಿದ ಕಡೆ ಅಂಗೈಯಗಲ ಕೀಳಲು ಹತ್ತಾರು ಏಟು ಬೇಕಾಗುತ್ತಿದ್ದ ಸಿಮೆಂಟು ಇಲ್ಲಿ ಹಿಡಿದುಕೊಂಡೇ ಇರಲಿಲ್ಲ. ಹಿಂದೆ ಹಳೆಯ ಗಾರೆ, ಆದರೆ ಬಿಳಿಯದಲ್ಲ. ಕಂದು ಬಣ್ಣ. ಎಣ್ಣೆ ಕುಡಿದ ಚರ್ಮದಂತೆ ನುಣುಪು. ನಡುವೆ ಸ್ವಲ್ಪ ತಗ್ಗು. ಗೋಡೆಗೆಲ್ಲ ಉಪ್ಪು ಹತ್ತಿದ್ದರೂ ಅಲ್ಲಿ ಹತ್ತಿರಲಿಲ್ಲ.

ನನಗೆ ಹೊಳೆದದ್ದು ಕೆಲಸದ ತೊಂದರೆ ಮಾತ್ರ. ಜಿಡ್ಡಿರುವ ಕಡೆ ಹೊಸ ಗಾರೆ ಕೂರುವುದಿಲ್ಲ. ಬಸವ ಜಯಂತಿ ಹತ್ತಿರ ಬರುತ್ತಿತ್ತು.

“ಕಾಕಾ, ಇಷ್ಟು ಜಾಗ ಉಳಿಯಿಂದ ಚಚ್ಚಿ ಒರಟು ಮಾಡ್ರಿ. ಇಲ್ಲಾಂದ್ರ ಗಾರಿ ಹಿಡಿಯಂಗಿಲ್ಲ.”

ಕಾಕಾ ಉಳಿ ಎತ್ತಿಕೊಂಡರು. ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಆ ಜಾಗವನ್ನು ಅಂಗೈಯಿಂದ ಸವರಿದರು. ಆಮೇಲೆ ಉಳಿ ಕೆಳಗಿಟ್ಟು ತಿರುಗಿ ಕೂತರು, ಕಾಲು ಚಾಚಿ, ಗೋಡೆಗೆ ಬೆನ್ನು ಹಚ್ಚಿ. ತಗ್ಗಿನಲ್ಲಿ ಅವರ ಬೆನ್ನು ಸರಿಯಾಗಿ ಕೂತಿತು. ತಲೆ ಎತ್ತಿ ಮೇಲಿನ ಕಿಂಡಿ ನೋಡಿದರು. ಅವರು ಏನೂ ಅನ್ನುವ ಮೊದಲೇ ನನಗೆ ತಿಳಿಯಿತು.

“ಇಲ್ಲಿ ಒಬ್ಬಾಂವ ಕುಂದರತಿದ್ದ ಬಾಯಾರ,” ಎಂದರು. “ಇದನ್ನ ನಾ ಒಡಿಯಾಂವಲ್ಲ. ನೀವು ಬ್ಯಾರೇ ಯಾರರ ಕರ್ಕೊಂಬರ್ರಿ.”

ಬೇರೆ ಯಾರನ್ನೂ ಕರೆತರಲಿಲ್ಲ. ಅಲ್ಲಿಯೇ ನೆಲದ ಮೇಲೆ ಕೂತು ಆ ಗುರುತನ್ನು ಅಳೆದು ಬರೆದುಕೊಂಡೆ. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ, ನಡುವೆ ಕಾಲಿಂಚು ತಗ್ಗು. ಒಬ್ಬರದೋ, ಒಬ್ಬರಾದ ಮೇಲೆ ಒಬ್ಬರು ಬಂದ ಎಷ್ಟೋ ಜನರದೋ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಅಂಗಿಯ ಇಲ್ಲವೇ ಬರಿ ಮೈಯ ತಿಕ್ಕಾಟ. ಅಷ್ಟು ವರ್ಷ ಆ ಜಿಡ್ಡೇ ಸಿಮೆಂಟನ್ನು ತನ್ನ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಇದನ್ನು ಮುಚ್ಚುವುದಿಲ್ಲ ಎಂದು ಅಂದೇ ನಿರ್ಧರಿಸಿದೆ. ಗೋಡೆಯ ಆರೋಗ್ಯಕ್ಕೆ ತೊಂದರೆ ಇರಲಿಲ್ಲ. ವರಾಂಡದ ಒಳಗಿರುವುದರಿಂದ ಮಳೆ ಬಡಿಯುವುದಿಲ್ಲ. ಸುತ್ತಲಿನ ಹೊಸ ಗಾರೆಯನ್ನು ಅಂಚಿಗೆ ಬರುತ್ತ ಬರುತ್ತ ತೆಳುಮಾಡಿ ಹಳೆಯದಕ್ಕೆ ಕೂಡಿಸಬೇಕು, ಅಷ್ಟೆ.

ಕಾರ್ಯದರ್ಶಿಗಳು ಒಪ್ಪಲಿಲ್ಲ. “ಕಿಂಡಿ ಇರಲಿ ಮೇಡಮ್, ಕಿಂಡಿ ತೋರಸೋಣ. ಆದ್ರ ಬೆಳ್ಳಗ ಸುಣ್ಣಾ ಬಳದ ಗ್ವಾಡಿ ನಡುವ ಹಿಂತಾ ಕಲಿ? ಬಂದವರು ಏನಂತಾರ? ಗ್ವಾಡಿ ತೊಳ್ಯಾಕೂ ಆಗಿಲ್ಲ ಇವರಿಗೆ ಅಂತಾರ.”

ಅವರದು ಒರಟು ಮನಸ್ಸಲ್ಲ. ಮನೆ ಮದುವಣಗಿತ್ತಿಯಂತೆ ಕಾಣಬೇಕೆಂಬ ಆಸೆ ಅಷ್ಟೇ. ನಾವು ಎರಡು ದಿನ ವಾದ ಮಾಡಿದೆವು, ಮೂರನೇ ದಿನ ಮಾತು ಬಿಟ್ಟೆವು. ಸುಣ್ಣ ಹದಕ್ಕೆ ಬಂದಿತ್ತು. ಕಾಕಾ ಗೋಡೆಯ ಇನ್ನೊಂದು ತುದಿಯಿಂದ ಗಾರೆ ಹಚ್ಚುತ್ತ ಬಂದರು, ಆ ಜಾಗಕ್ಕೆ ತಲುಪುವುದರೊಳಗೆ ನಮ್ಮಿಬ್ಬರಲ್ಲಿ ಯಾರಾದರೂ ಸೋಲುತ್ತಾರೆಂದು.

ಆ ನಡುವೆ ಒಂದು ಮಧ್ಯಾಹ್ನ ಬೈರಿದೇವರಕೊಪ್ಪದಿಂದ ಒಬ್ಬ ಹೆಣ್ಣುಮಗಳು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಇಳಕಲ್ ಸೀರೆ, ಹೆಗಲಿಗೆ ಚೀಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ಕಲಿಸಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗ ಪ್ರತಿ ವರ್ಷ ಮಕ್ಕಳನ್ನು ಈ ಮನೆ ತೋರಿಸಲು ಕರೆತರುತ್ತಿದ್ದರಂತೆ. ಈಗ ಮೊಮ್ಮಗಳ ಸಾಲೆಯವರು ಬರಬೇಕೆಂದಿದ್ದಾರೆ, ಮನೆ ಎಂದು ತೆರೆಯುತ್ತದೆಂದು ಕೇಳಲು ಬಂದಿದ್ದರು. ಕಾರ್ಯದರ್ಶಿಗಳಿಗೆ ಅವರ ಪರಿಚಯವಿತ್ತು. “ಬರ್ರಿ ಟೀಚರ್, ನಿಮಗೊಂದು ಹೊಸಾದು ತೋರಸ್ತೀನಿ” ಎಂದು ಸಂಭ್ರಮದಿಂದ ಹಿಂದಿನ ವರಾಂಡಕ್ಕೆ ಕರೆತಂದು ಕಿಂಡಿ ತೋರಿಸಿದರು.

ಟೀಚರ್ ಕಿಂಡಿಯನ್ನು ನೋಡಿದರು. ಆಮೇಲೆ ಯಾರೂ ತೋರಿಸದಿದ್ದರೂ ಅದರ ಕೆಳಗೆ ನೋಡಿದರು. ಕಾಕಾ ಕರಣಿ ಹಿಡಿದುಕೊಂಡೇ ನಿಂತರು.

“ನಮ್ಮಜ್ಜ ಪಂಖಾ ಎಳೀತಿದ್ದರಿ,” ಎಂದರು ಟೀಚರ್. “ಧಾರವಾಡದಾಗ, ಒಬ್ಬ ಸಾಹೇಬನ ಬಂಗಲೇದಾಗ. ಸಣ್ಣಾಂವ ಇದ್ದಾಗಿಂದ ಎಳದಾನ. ಕೈ ಸೋತ್ರ ಹಗ್ಗಾ ಕಾಲಬೆಳ್ಳಿಗೆ ಕಟಗೊಂಡು ಎಳೀತಿದ್ದನಂತ. ಬೆಳ್ಳಿನ ಮ್ಯಾಲ ಗಾಯದ ಕಲಿ ಇತ್ತು, ನಾ ನೋಡೇನಿ.”

“ಇದ ಮನ್ಯಾಗೇನ್ರಿ?” ಎಂದರು ಕಾರ್ಯದರ್ಶಿಗಳು. ಅವರ ದನಿ ಏರಿತ್ತು.

“ಅದು ಗೊತ್ತಿಲ್ರಿ ಸರ್. ಆಗ ಸಾಹೇಬರ ಬಂಗಲೆ ಎಷ್ಟ ಇದ್ದೂವೋ ಏನೋ. ಅಂವಾ ಹೆಸರು ಹೇಳಲಿಲ್ಲ, ನಾ ಕೇಳಲಿಲ್ಲ. ನಾ ಸಾಲ್ಯಾಗ ಎಂಟನೇತ್ತೆ ಇದ್ದಾಗ ತೀರಿಹೋದ.” ಸ್ವಲ್ಪ ನಕ್ಕರು. “ಒಂದ ಮಾತು ಮಾತ್ರ ಗೊತ್ತು. ಉಣ್ಣಾಕ ಕುಂತಾಗ ಅಜ್ಜ ಉಪ್ಪು ಕೊಡು ಅಂತ ಎಂದೂ ಅಂದಾಂವಲ್ಲ. ‘ಪಾಸ್ ದಿ ಸಾಲ್ಟ್’ ಅಂತಿದ್ದ. ಸಾಲಿ ಮೆಟ್ಟಲಾ ಏರದಾಂವ. ನಾವು ಹುಡುಗ್ರು ನಕ್ಕೋಂತ ಬೀಳತಿದ್ವಿ. ಎಲ್ಲಿ ಕಲಿತಿ ಅಜ್ಜಾ ಅಂದ್ರ, ಗ್ವಾಡಿ ಹೇಳಿಕೊಡತು ಅಂತಿದ್ದ.”

ನನಗೆ ಕಿಂಡಿಯ ಕಡೆ ನೋಡದೆ ಇರಲಾಗಲಿಲ್ಲ. ಎಲ್ಲ ಸಾಹೇಬರೂ ಉಪ್ಪು ತಿನ್ನುತ್ತಿದ್ದರು, ಎಲ್ಲ ಬಂಗಲೆಯಲ್ಲೂ ಇಂಥ ಕಿಂಡಿ ಇತ್ತು. ಅದು ಪುರಾವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

“ನಾವು ಈಗ ಬೌದ್ಧರು,” ಎಂದರು ಟೀಚರ್, ಯಾರನ್ನೂ ನೋಡದೆ. “ಅಜ್ಜನ ಕಾಲಕ್ಕ ನಮ್ಮವರಿಗೆ ವರಾಂಡದ ತನಕ ಅಷ್ಟ ದಾರಿ. ಅಂವಾ ಆ ಕೋಣಿಗೆ ಗಾಳಿ ಕಳಿಸಿದ, ತಾ ಎಂದೂ ಒಳಗ ಹೋಗಲಿಲ್ಲ. ನಾ ಹುಡುಗ್ಯಾರನ್ನ ಕರ್ಕೊಂಡು ಇಷ್ಟ ಸಲ ಬಂದೇನಿ, ಊಟದ ಮೇಜು ತೋರಿಸೇನಿ. ಈ ಗ್ವಾಡಿ ಹಿಂದ ಬಂದು ನೋಡೇ ಇದ್ದಿಲ್ಲ.”

ಬಾಗಿ ಆ ಗುರುತಿನ ಹತ್ತಿರ ಕೈ ಒಯ್ದರು. ಮುಟ್ಟಬಹುದೇ ಎಂಬಂತೆ ನನ್ನ ಮುಖ ನೋಡಿದರು. ತಲೆಯಾಡಿಸಿದೆ. ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

ಅಂದು ಸಂಜೆ ಕಿಟಕಿ ಮುಚ್ಚುವ ಹೊತ್ತಿಗೆ ಕಾರ್ಯದರ್ಶಿಗಳು ನನ್ನ ಹತ್ತಿರ ಬಂದರು. “ಅದನ್ನ ಬಳೀಬ್ಯಾಡ್ರಿ,” ಎಂದಷ್ಟೇ ಹೇಳಿ ಹೋದರು.

ಆದರೆ ಅವರ ಉತ್ಸಾಹ ಈಗ ಇನ್ನೊಂದು ತುದಿಗೆ ಹಾರಿತು. ಎರಡೇ ದಿನದಲ್ಲಿ ಫಲಕಕ್ಕೆ ಒಂದು ಬರಹ ಸಿದ್ಧಮಾಡಿದರು. ಅದರಲ್ಲಿ ಟೀಚರ ಅಜ್ಜನ ಹೆಸರಿತ್ತು, ಆತ ಇದೇ ಮನೆಯಲ್ಲಿ ಇಷ್ಟು ವರ್ಷ ದುಡಿದನೆಂದಿತ್ತು. ನಾನು ಬೇಡವೆಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಬಾರದು. ಅವರು ಟೀಚರನ್ನೇ ಕರೆಸಿ ಕೇಳೋಣವೆಂದರು, ಅವರಿಗೆ ಸಂತೋಷವಾದೀತೆಂಬ ನಂಬಿಕೆಯಿಂದ.

ಟೀಚರ್ ಬಂದು ಕಾಗದ ಓದಿದರು. ಚೀಲದಿಂದ ಪೆನ್ನು ತೆಗೆದು ಅಜ್ಜನ ಹೆಸರಿನ ಮೇಲೆ ಗೆರೆ ಎಳೆದರು.

“ಯಾಕ್ರಿ ಟೀಚರ್?” ಕಾರ್ಯದರ್ಶಿಗಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ನಾವು ಮರ್ಯಾದಿ ಕೊಡಬೇಕಂತನ ಬರದೇವಿ.”

“ಖರೇ ಐತ್ರಿ ಸರ್. ಆದ್ರ ಇಲ್ಲಿ ಕುಂತಾಂವ ಬ್ಯಾರೇದವನ ಅಜ್ಜ ಇದ್ದರ? ಅವನ ಜಾಗಾದಾಗ ನಮ್ಮಜ್ಜನ್ನ ಕುಂದರಿಸಿದಂಗ ಆತಲ್ರಿ. ನಮ್ಮಜ್ಜ ಇನ್ನೊಬ್ಬರದು ಏನೂ ತಗೊಂಡಾಂವಲ್ಲ.”

ಪೆನ್ನು ಇನ್ನೂ ಕೆಳಗಿಳಿಯಿತು. ‘ಇಲ್ಲಿ ಕುಳಿತು ಪಂಖಾ ಎಳೆಯಲಾಗುತ್ತಿತ್ತು’ ಎಂಬಲ್ಲಿ ನಿಂತಿತು.

“ಎಳೆಯಲಾಗುತ್ತಿತ್ತು ಅಂದ್ರ ಯಾರು ಎಳದ್ರು ಸರ್? ವಾಕ್ಯದಾಗ ಕರ್ತೃನ ಇಲ್ಲಲ್ಲ. ಹುಡುಗ್ಯಾರು ಹಿಂಗ ಬರದ್ರ ನಾ ಮಾರ್ಕು ಕಡಿತಿದ್ದೆ.”

ಕಾರ್ಯದರ್ಶಿಗಳು ಮೊದಲು ತಬ್ಬಿಬ್ಬಾದರು, ಆಮೇಲೆ ದೊಡ್ಡದಾಗಿ ನಕ್ಕುಬಿಟ್ಟರು. ಇಬ್ಬರೂ ಕಾರ್ಯದರ್ಶಿಗಳ ಮೇಜಿಗೆ ಕೂತು ಬರೆಯತೊಡಗಿದರು. ಹೊಡೆದುಹಾಕಿದರು, ತಿದ್ದಿದರು, ಮತ್ತೆ ಬರೆದರು. ನಾಲ್ಕು ಸಾಲಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೊನೆಗೆ ಉಳಿದದ್ದು ಇದು: ‘ಈ ಗೋಡೆಗೆ ಒರಗಿ ಕುಳಿತವರು ಹಗ್ಗ ಎಳೆದು ಒಳಗೆ ಉಣ್ಣುವವರಿಗೆ ಗಾಳಿ ಹಾಕುತ್ತಿದ್ದರು. ಅವರು ಯಾರು, ಎಷ್ಟು ಜನ ಎಂದು ನಮಗೆ ತಿಳಿದಿಲ್ಲ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಗೋಡೆಯ ಮೇಲಿನ ಗುರುತು ಅವರ ಬೆನ್ನಿನದು.’

ಗಾರೆಯ ಕೆಲಸ ಆ ಜಾಗಕ್ಕೆ ಬಂದಾಗ ಕಾಕಾ ಬೇರೆ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಮೊದಲು ಗುರುತಿನ ಮೇಲೆ ತೆಳು ಬಟ್ಟೆ ಹೊದಿಸಿದರು. ಸುತ್ತಲಿನ ಸಡಿಲ ಅಂಚಿನ ಹಿಂದೆ ತೆಳುವಾಗಿ ಕಲಸಿದ ಸುಣ್ಣವನ್ನು ಪಿಚಕಾರಿಯಿಂದ ತುಂಬಿಸಿ, ಅಂಗೈಯಿಂದ ಒತ್ತಿ ಹಿಡಿದು ಕೂತರು. ಹೊಸ ಗಾರೆಯನ್ನು ಎರಡು ಪದರದಲ್ಲಿ ಹಚ್ಚಿ, ಅಂಚಿನಲ್ಲಿ ಬೆರಳಿನಿಂದಲೇ ನಯಮಾಡಿದರು. ಏಪ್ರಿಲ್ ಬಿಸಿಲಿಗೆ ಗಾರೆ ಬೇಗ ಒಣಗಿದರೆ ಬಿರಿಯುತ್ತದೆ. ಅದಕ್ಕೆ ಹದಿನಾಲ್ಕು ದಿನ ಗೋಡೆಗೆ ಒದ್ದೆ ಗೋಣಿತಟ್ಟು ಹೊದಿಸಿದ್ದೆವು. ನೀರು ಚಿಮುಕಿಸುವ ಪಾಳಿ ಕಾರ್ಯದರ್ಶಿಗಳೇ ವಹಿಸಿಕೊಂಡರು. ಕಿಟಕಿ ತೆರೆದ ಕೂಡಲೇ ಒಮ್ಮೆ, ಮುಚ್ಚುವ ಮೊದಲು ಒಮ್ಮೆ, ನಡುವೆ ಎರಡು ಸಲ. ಬಸವ ಜಯಂತಿ ಬಂತು, ಹೋಯಿತು. ಆ ದಿನವೂ ಅವರು ನಾಲ್ಕು ಸಲ ನೀರು ಚಿಮುಕಿಸಿದರು. ತಟ್ಟು ತೆಗೆದ ದಿನ ಗೋಡೆಯನ್ನು ಮೂಲೆ ಮೂಲೆ ಬಡಿದು ನೋಡಿದೆ. ಒಂದು ಕಡೆಯೂ ಟೊಳ್ಳು ಸದ್ದಿಲ್ಲ. ಒಂದು ಬಿರುಕಿಲ್ಲ. ಅಂಗೈ ಒತ್ತಿದರೆ ಕೈಗೆ ಏನೂ ಹತ್ತಲಿಲ್ಲ.

ಕೊಕ್ಕೆಗಳ ನಡುವಿನ ಅಂತರ ಅಳೆದು ಒಬ್ಬ ಬಡಿಗರ ಕೈಯಲ್ಲಿ ಪಂಖಾ ಮಾಡಿಸಿದೆವು. ಹಳೆಯ ಸಾಗವಾನಿ ಪಟ್ಟಿ, ಕೆಳಗೆ ಖಾದಿಯ ಝಾಲರಿ. ವಕೀಲರ ಫ್ಯಾನನ್ನು ಇಳಿಸಿ ಪಕ್ಕದ ಕೋಣೆಯಲ್ಲಿಟ್ಟೆವು. ತೊಲೆ ಭಾರ ತಡೆಯುತ್ತದೋ ಇಲ್ಲವೋ ಎಂದು ಉಸುಕಿನ ಚೀಲ ಕಟ್ಟಿ ಎರಡು ದಿನ ತೂಗುಹಾಕಿ ನೋಡಿದ್ದೆ. ಕಿಂಡಿಯ ಹಲಗೆಯ ಗೀರು ಇನ್ನಷ್ಟು ಸವೆಯದಿರಲೆಂದು ಅದರ ಮೇಲೆ ಸಣ್ಣ ಹಿತ್ತಾಳೆಯ ಗಾಲಿ ಕೂರಿಸಿ, ಹಗ್ಗ ಮರಕ್ಕೆ ತಾಗದಂತೆ ಮಾಡಿದೆವು.

ತೆರೆಯುವುದಕ್ಕೆ ಎರಡು ದಿನ ಮೊದಲು, ಮೇ ತಿಂಗಳ ಉರಿ ಮಧ್ಯಾಹ್ನ, ಎಳೆದು ನೋಡುವುದೆಂದಾಯಿತು. ಟೀಚರನ್ನೂ ಕರೆದಿದ್ದೆವು. ಊಟದ ಕೋಣೆಯ ಕುರ್ಚಿಗಳಿಗೆ ಯಾರೂ ಕೂರದಂತೆ ಒಂದು ದಾರ ಕಟ್ಟಿರುತ್ತದೆ. ಕಾರ್ಯದರ್ಶಿಗಳೇ ಅದನ್ನು ಬಿಚ್ಚಿದರು.

“ನೀವು ಒಳಗ ಕುಂದರ್ರಿ ಟೀಚರ್,” ಎಂದರು. “ನಾ ಎಳೀತೀನಿ.”

“ಅಯ್ಯ, ನೀವ್ಯಾಕ್ರಿ ಸರ್?”

“ಇಷ್ಟ ವರ್ಷ ಎಲ್ಲಾರಿಗೂ ದೀಪದ ಕೊಕ್ಕಿ ಅಂತ ಹೇಳೇನಲ್ಲ, ಅದಕ್ಕ,” ಎಂದು ಹೊರಗೆ ಹೋದರು. ಧೋತರ ಮೇಲೆತ್ತಿಕೊಂಡು ಕಷ್ಟಪಟ್ಟು ನೆಲಕ್ಕೆ ಕೂತರು. ಗೋಡೆಯ ಗುರುತಿಗೆ ಬೆನ್ನು ತಾಗದಂತೆ ಒಂದು ಗೇಣು ಮುಂದೆ ಸರಿದೇ ಕೂತರು.

ಟೀಚರ್ ಕೋಣೆಯೊಳಗೆ ಬಂದು ಮೇಜಿನ ತಲೆಯ ಕಡೆಯ ಕುರ್ಚಿಯನ್ನು ಎಳೆದುಕೊಂಡು ಕೂತರು. ಕಾಕಾ ಬಾಗಿಲಲ್ಲೇ ನಿಂತಿದ್ದರು, ಕಾಲಿಗೆ ಸುಣ್ಣ ಹತ್ತಿದೆ ಎಂದು. “ಬರ್ರಿ ಅಣ್ಣಾರ, ಕುಂದರ್ರಿ. ನೆಲಾ ಒರಸಿದ್ರ ಹೋಗತೈತಿ” ಎಂದು ಟೀಚರ್ ಕರೆದ ಮೇಲೆ ಒಳಗೆ ಬಂದರು. ನಾನೂ ಕೂತೆ, ಕಣ್ಣು ಮಾತ್ರ ತೊಲೆಯ ಮೇಲೆ.

ಹಗ್ಗ ಬಿಗಿಯಿತು. ಪಂಖಾ ಒಮ್ಮೆ ನಡುಗಿ ನಿಂತಿತು. ಮತ್ತೆ ಎಳೆದರು, ಆಗ ಹೊರಳಿತು. ಅತ್ತ ಹೋಯಿತು, ಇತ್ತ ಬಂತು. ನಾಲ್ಕಾರು ಸಲ ತಾಳ ತಪ್ಪಿದ ಮೇಲೆ ಹೊರಗಿನ ಕೈಗೆ ಅದರ ಲಯ ಸಿಕ್ಕಿತು. ಗಾಳಿ ಮೇಜಿನ ಮೇಲಿಂದ ಸುಳಿದು ಬಂದು ಟೀಚರ ಹಣೆಯ ಬಿಳಿ ಕೂದಲನ್ನು ಅಲ್ಲಾಡಿಸಿತು.

“ಗಾಳಿ ಬರತದೇನ್ರಿ?” ಕಿಂಡಿಯಿಂದ ಕಾರ್ಯದರ್ಶಿಗಳ ದನಿ ಕೇಳಿಸಿತು.

“ಬರಾಕತ್ತೈತ್ರಿ ಸರ್. ಛಲೋ ಬರಾಕತ್ತೈತಿ.”

ಟೀಚರ್ ಕಣ್ಣು ಮುಚ್ಚಿದರು. ಕಣ್ಣಂಚಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಹಗ್ಗ ಗಾಲಿಯ ಮೇಲೆ ಸರಿಯುವ ಸದ್ದು, ಹೊರಗೆ ಕಾರ್ಯದರ್ಶಿಗಳು ಉಸಿರು ಬಿಡುವ ಸದ್ದು, ಇಷ್ಟೇ. ಹತ್ತು ನಿಮಿಷವಾದ ಮೇಲೆ ಪಂಖಾದ ಓಟ ಕಡಿಮೆಯಾಯಿತು, ಆಮೇಲೆ ನಿಂತೇಬಿಟ್ಟಿತು.

ಕಾರ್ಯದರ್ಶಿಗಳು ಒಳಗೆ ಬಂದಾಗ ಅವರ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಎರಡೂ ಅಂಗೈ ಮುಂದೆ ಚಾಚಿ ತೋರಿಸಿದರು. ಬೆರಳ ಬುಡ ಕೆಂಪಗೆ ಸುಲಿದಿತ್ತು.

“ಹತ್ತ ನಿಮಿಷರಿ ಟೀಚರ್,” ಎಂದರು.

ಟೀಚರ್ ಎದ್ದು ಆ ಕೈಗಳನ್ನು ನೋಡಿದರು. ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಅವರಿಗೆ ಕೊಟ್ಟರು. ತಮ್ಮ ಪಕ್ಕದ ಕುರ್ಚಿಯನ್ನು ಹಿಂದಕ್ಕೆ ಎಳೆದರು.

“ಕುಂದರ್ರಿ ಸರ್, ದಣದೀರಿ,” ಎಂದರು. “ಮೊದಲ ನೀರು ಕುಡೀರಿ.”